ಸೊನ್ನೆ ಟಿಕೆಟ್ಟು

ಐದೂಮುಕ್ಕಾಲಿಗೆ ಡಿಪೋದಲ್ಲಿ ಚೀಲ ಒಪ್ಪಿಸಿ,
ಕಡಿಮೆ ಬಿದ್ದ ಹನ್ನೊಂದು ರೂಪಾಯಿ ಕೈಯಿಂದ ತುಂಬಿ,
ಖಾಕಿ ಅಂಗಿಯ ಮೇಲೊಂದು ಓಢಣಿ ಹೊದ್ದು
ಸಂಜೆ ಕಾಲೇಜಿಗೆ ಓಡುತ್ತೇನೆ.
ಕಲಬುರಗಿಯ ಧೂಳು ನನಗಿಂತ ಮೊದಲೇ ಬಂದು
ಕೊನೆಯ ಬೆಂಚಿನಲ್ಲಿ ಕೂತಿರುತ್ತದೆ.

ತಹಸೀನ್ ಮೇಡಂ ಹಲಗೆಯ ಮೇಲೆ ಬರೆದರು: ಡಿಸ್ಕ್ರೀಟ್.
"ಅಂದ್ರ ಬಿಡಿ ಬಿಡಿ. ಒಂದಾದಮ್ಯಾಲ ಎರಡು, ನಡುವ ಏನೂ ಇಲ್ಲ.
ನೀರಿನಂಗ ಹರಿಯೂದಲ್ಲ ಇದು.
ತೊಗರಿಯಂಗ. ಕಾಳು ಕಾಳು."
"ನಡುವ ಅರ್ಧ ಟಿಕೆಟ್ ಅದರಿ ಮೇಡಂ," ಅಂದೆ.
ಹುಡುಗರು ನಕ್ಕರು,
ನನಗಿಂತ ಹನ್ನೆರಡು ವರ್ಷ ಸಣ್ಣವರು.
ಮೇಡಂ ನಗಲಿಲ್ಲ.
"ಟಿಕೆಟ್ ಅರ್ಧ. ಕೂಸು ಅರ್ಧ ಅಲ್ಲ."

ಇಂಡಕ್ಷನ್ ಮಾತ್ರ ನನಗೆ ಮೊದಲೇ ಗೊತ್ತಿತ್ತು.
ಬಸ್ಸು ನಂದಿಕೂರು ಮುಟ್ಟಿತು, ಅದು ಒಂದು.
ಯಾವ ಸ್ಟಾಪು ಮುಟ್ಟಿದರೂ
ಅದರ ಮುಂದಿನದನ್ನೂ ಮುಟ್ಟುತ್ತದೆ, ಅದು ಎರಡು.
ಆದ್ದರಿಂದ ಫರಹತಾಬಾದ, ಆದ್ದರಿಂದ ಕಟ್ಟಿಸಂಗಾವಿ,
ಆದ್ದರಿಂದ ಜೇವರ್ಗಿ, ಜೇವರ್ಗಿಯಾಚೆ
ನಾನು ಇಳಿಯದ ಊರೆಲ್ಲವೂ.
ಇಂಜಿನ್ನಿನ ಪಕ್ಕ ಕೂತು ಇದನ್ನೇ ಬಾಯಿಪಾಠ ಮಾಡುತ್ತಿದ್ದೆ.
ಭೀಮಾ ಸೇತುವೆಯ ಮೇಲೆ ಕ್ಲಚ್ಚಿನ ವೈರು ಕಡಿದ ದಿನ
ಡ್ರೈವರ್ ಮಸ್ತಾನಸಾಬ ಕೈ ಒರೆಸಿಕೊಳ್ಳುತ್ತ ಅಂದ:
"ನಿನ್ನ ಎರಡನೇ ಮಾತಿನ್ಯಾಗ ಏನೋ ಐಬು ಅದ, ನೋಡು."

ಆಮೇಲೆ ಸತ್ಯಕೋಷ್ಟಕ. 'ಹೀಗಾದರೆ ಹಾಗೆ' ಅಂದಾಗ
'ಹೀಗೆ' ಆಗದೇ ಹೋದರೆ
ಇಡೀ ಮಾತು ನಿಜವಂತೆ.
ರೇವಣಸಿದ್ದ ಜಗಳಕ್ಕೇ ನಿಂತ, ಇದ್ಯಾವ ನ್ಯಾಯ ಅಂತ.
ನಾನು ಸುಮ್ಮನಿದ್ದೆ.
'ಅವರು ಕರೆಯಲಿಕ್ಕೆ ಬಂದರೆ ಹೋಗುತ್ತೇನೆ'
ಅಂತ ಅವ್ವನಿಗೆ ಮಾತು ಕೊಟ್ಟು ಆರು ವರ್ಷ.
ಯಾರೂ ಬಂದಿಲ್ಲ. ನಾನೂ ಹೋಗಿಲ್ಲ.
ಕೊನೆಯ ಸಾಲು: ಸುಳ್ಳು, ಸುಳ್ಳು, ನಿಜ.
ಪೆನ್ಸಿಲಿನಿಂದ ಅದರ ಕೆಳಗೆ ಎರಡು ಸಲ ಗೀಟು ಎಳೆದೆ.

ಅಡ್ಡಗೀಟು ಹೊಡೆದ ಸೊನ್ನೆ ಬಂತು ಒಂದು ದಿನ. ಖಾಲಿ ಗಣ.
ಅದನ್ನೇ ಒಂದು ಸುರುಳಿ ಆವರಣದೊಳಗಿಟ್ಟು ಕೇಳಿದರು:
"ಇದರಾಗ ಎಷ್ಟವ?"
ಸೊನ್ನೆ, ಅಂದೆವು ಎಲ್ಲರೂ.
"ಒಂದು," ಅಂದರು ಮೇಡಂ.
ಕರೆಂಟು ಹೋಯಿತು. ಕ್ಲಾಸು ಬಿಟ್ಟಿತು.

ಮಂಗಳವಾರ ಫರಹತಾಬಾದಿನಲ್ಲಿ ಚೆಕಿಂಗ್ ಜೀಪು ಅಡ್ಡ ನಿಂತಿತು.
ತಲೆ ಅರವತ್ತೊಂದು, ಟಿಕೆಟ್ಟು ಅರವತ್ತು.
ಗುರುಬಾಯಿ ಕಾಯಿಪಲ್ಯದ ಬುಟ್ಟಿ ತಡಕಿದಳು, ಸೆರಗು ಕೊಡವಿದಳು,
ಮತ್ತೆ ಕಿಟಕಿಯತ್ತ ಕೈ ತೋರಿಸಿದಳು:
"ಸೊನ್ನಿನೇ ಇತ್ತಲ್ರಿ ಅದರಾಗ. ಒಗದೆ."
ಹೆಂಗಸರಿಗೆ ಫುಕಟ್ ಅದ, ಚೀಟಿ ಯಾಕ ಬೇಕು
ಅಂತ ಇಡೀ ಬಸ್ಸೇ ವಾದಕ್ಕೆ ಬಿತ್ತು.
ಸಾಹೇಬರು ಪೆನ್ನಿನ ಟೊಪ್ಪಿಗೆ ತೆಗೆದರು.
ಸೊನ್ನೆ ರೂಪಾಯಿಯ ಟಿಕೆಟ್ಟು ಇರುವುದು ಬೇರೆ,
ಟಿಕೆಟ್ಟೇ ಇಲ್ಲದಿರುವುದು ಬೇರೆ.
ಮೆಮೊ ನನ್ನ ಹೆಸರಿಗೆ.
ಸಹಿ ಮಾಡುವಾಗ ನನಗೆ ನಗು ಬಂತು.
ಮಸ್ತಾನಸಾಬ ಗಾಬರಿಯಾಗಿ ನೀರಿನ ಬಾಟ್ಲಿ ಕೊಟ್ಟ.

ಪರೀಕ್ಷೆಯಲ್ಲಿ ಅದೇ ಬಂತು, ಎರಡು ಅಂಕಕ್ಕೆ.
ಬಸ್ಸು, ಬುಟ್ಟಿ, ಕಿಟಕಿ, ಜೀಪು, ಎಲ್ಲ ಬರೆದೆ,
ಇಂಗ್ಲಿಷ್ ಸಾಲದಲ್ಲಿ ಕನ್ನಡದಲ್ಲಿ ಬರೆದೆ.
ಒಂದೂವರೆ ಕೊಟ್ಟಿದ್ದರು.
ನಡುವೆ ಏನೂ ಇಲ್ಲ ಅಂದವರೇ.

ಈಗ ಗುರುಬಾಯಿ ಬುಟ್ಟಿ ಇಳಿಸುವ ಮೊದಲೇ ಕೈ ಚಾಚುತ್ತಾಳೆ:
"ಯವ್ವಾ, ಮೊದಲ ನನ್ನ ಸೊನ್ನಿ ಕೊಡು."
ಮಷೀನು ಕಿರ್ರೆಂದು ಒಂದು ಗೇಣು ಕಾಗದ ಉಗುಳುತ್ತದೆ.
ಅದನ್ನು ಎರಡು ಮಡಿಕೆ ಮಾಡಿ, ಸೆರಗಿನ ತುದಿಗಿಟ್ಟು
ಹಲ್ಲಿನಿಂದ ಜಗ್ಗಿ ಗಂಟು ಹಾಕುತ್ತಾಳೆ,
ಜೇವರ್ಗಿ ಬರುವತನಕ
ಆಗಾಗ ಮುಟ್ಟಿ ನೋಡಿಕೊಳ್ಳುತ್ತಾಳೆ.